ಜಿ ತಂತಿ ಶ್ರುತಿಯಲ್ಲಿ ನಿಲ್ಲುತ್ತಿಲ್ಲ: ನಟ್ ಬದಲಾಯಿಸಿದರೆ ಸರಿಹೋಗುತ್ತದೆಯೇ?

ಮೂರನೇ_ತಂತಿ
ಎಲ್ಲರಿಗೂ ನಮಸ್ಕಾರ. ನನ್ನ ಎಲೆಕ್ಟ್ರಿಕ್ ಗಿಟಾರಿನ ಜಿ ತಂತಿ ಒಂದು ಹಾಡು ಮುಗಿಯುವವರೆಗೂ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಉಳಿದವು ಪರವಾಗಿಲ್ಲ, ಡಿ ಮಾತ್ರ ಆಗಾಗ ಜಿಯ ಜೊತೆ ಸೇರಿಕೊಂಡು ಕೈಕೊಡುತ್ತದೆ. ಒಮ್ಮೆ ಬೆಂಡ್ ಮಾಡಿದರೆ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿದರೆ ಸಾಕು, ಶ್ರುತಿ ಇಳಿದಿರುತ್ತದೆ. ಸರಿಪಡಿಸಲು ಪೆಗ್ ತಿರುಗಿಸಿದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ‘ಟಿಣ್’ ಎಂದು ಸದ್ದಾಗಿ ಬೇಕಾದ ಜಾಗವನ್ನು ದಾಟಿ ಮೇಲಕ್ಕೆ ಜಿಗಿಯುತ್ತದೆ.

ಹೆಡ್‌ಸ್ಟಾಕಿನ ಎರಡೂ ಬದಿಗೆ ಮೂರು ಮೂರು ಪೆಗ್ ಇರುವ ಗಿಟಾರ್. ಟ್ರೆಮೊಲೊ, ಅಂದರೆ ಒತ್ತಿ ಸ್ವರ ಏರಿಳಿಸುವ ಬಾರ್, ಇಲ್ಲ. ಬಿಳಿ ಪ್ಲಾಸ್ಟಿಕ್ ನಟ್, ಕೊಂಡಾಗ ಇದ್ದದ್ದೇ. ಪೆಗ್ ಬದಲಾಯಿಸು ಎಂದು ಒಬ್ಬ ಗೆಳೆಯ, ನಟ್ ಬದಲಾಯಿಸು ಎಂದು ಇನ್ನೊಬ್ಬ, ಹವ್ಯಾಸವನ್ನೇ ಬದಲಾಯಿಸು ಎಂದು ಮನೆಯವರು. ಮೂಳೆಯ ನಟ್ ಹಾಕಿದರೆ ಸರಿಹೋಗುತ್ತದೆಯೇ? ಅದನ್ನು ನಾನೇ ಹಾಕಿಕೊಳ್ಳಬಹುದೇ?

ವ್ಯಾಮಿ_ವೀರ
ಲಾಕಿಂಗ್ ಟ್ಯೂನರ್ ಹಾಕಿಸಿ. ಕಥೆ ಮುಗಿಯಿತು.

ಅರ_ಮತ್ತು_ಉಳಿ
ಮುಗಿಯಲಿಲ್ಲ. ಲಾಕಿಂಗ್ ಟ್ಯೂನರ್ ಮಾಡುವ ಕೆಲಸವೇ ಬೇರೆ. ಪೆಗ್‌ನ ಕಂಬಕ್ಕೆ ಸುತ್ತಿದ ತಂತಿ ಸಡಿಲಗೊಂಡು ಜಾರುವುದನ್ನು ಅದು ತಡೆಯುತ್ತದೆ. ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡು ನಿಂತಿದ್ದರೆ ಜಗತ್ತಿನ ಯಾವ ಪೆಗ್ ಹಾಕಿದರೂ ಅದು ಸಿಕ್ಕಿಕೊಂಡೇ ಇರುತ್ತದೆ.

ಅವರು ಹೇಳಿದ ‘ಟಿಣ್’ ಎಂಬ ಸದ್ದನ್ನು ಕೇಳಿದರೆ ರೋಗ ಅರ್ಧ ಗೊತ್ತಾಯಿತು. ಪೆಗ್ ತಿರುಗಿಸಿದಾಗ ನಟ್‌ನ ಹಿಂದಿನ ತುಂಡು ಮಾತ್ರ ಬಿಗಿಯಾಗುತ್ತಾ ಹೋಗುತ್ತದೆ, ಮುಂದಿನ ಭಾಗಕ್ಕೆ ಆ ಬಿಗಿತ ತಲುಪುವುದಿಲ್ಲ. ಎರಡೂ ಬದಿಯ ವ್ಯತ್ಯಾಸ ಕಚ್ಚಿನ ಹಿಡಿತವನ್ನು ಮೀರಿದ ಕ್ಷಣ ತಂತಿ ಜಾರುತ್ತದೆ, ಸದ್ದಾಗುತ್ತದೆ, ಶ್ರುತಿ ಜಿಗಿಯುತ್ತದೆ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಜಿ ತಂತಿಯನ್ನು ಸರಿಯಾಗಿ ಶ್ರುತಿ ಮಾಡಿ, ಜೋರಾಗಿ ಒಂದು ಬೆಂಡ್ ಹಾಕಿ ಬಿಡಿ. ಶ್ರುತಿ ತೋರಿಸುವ ಟ್ಯೂನರ್ ಯಂತ್ರ ನೋಡಿ, ಇಳಿದಿರುತ್ತದೆ. ಈಗ ನಟ್ ಮತ್ತು ಪೆಗ್ ನಡುವಿನ ತಂತಿಯ ತುಂಡನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಶ್ರುತಿ ಮೇಲೇರಿ ಮೊದಲಿನ ಜಾಗದ ಹತ್ತಿರ ಬಂದರೆ ಕಳ್ಳ ನಟ್‌ನಲ್ಲೇ ಇದ್ದಾನೆ. ಬಾರದಿದ್ದರೆ ಪೆಗ್, ಸೇತುವೆ (ಗಿಟಾರಿನ ಒಡಲ ಮೇಲೆ ತಂತಿ ಆನುವ ಬ್ರಿಡ್ಜ್), ತಂತಿ ಸುತ್ತಿದ ರೀತಿ, ಇವುಗಳ ಕಡೆ ನೋಡಬೇಕು.

ಹೊಸಬ_ನಾನು
ಕ್ಷಮಿಸಿ, ನಟ್ ಎಂದರೆ ಪೆಗ್ ಬಿಗಿಯಲು ಹಾಕಿರುತ್ತಾರಲ್ಲ, ಸ್ಪ್ಯಾನರ್‌ನಿಂದ ತಿರುಗಿಸುವುದು, ಅದೇ ತಾನೇ?

ಬೇಸ್_ಬಾರಿಸುವವಳು
ಅಲ್ಲ. ಫ್ರೆಟ್‌ಬೋರ್ಡ್ ಮುಗಿದು ಹೆಡ್‌ಸ್ಟಾಕ್ ಶುರುವಾಗುವ ಕಡೆ ಅಡ್ಡವಾಗಿ ಕುಳಿತಿರುವ ಸಣ್ಣ ಪಟ್ಟಿ. ಅದರಲ್ಲಿ ಆರು ಕಚ್ಚುಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ತಂತಿ. ಏನನ್ನೂ ಒತ್ತದೆ ಬಾರಿಸಿದಾಗ ತಂತಿಯ ಕಂಪನ ಅಲ್ಲಿಂದ ಆರಂಭವಾಗುತ್ತದೆ. ನಾಚಿಕೆ ಬೇಡ, ಮೊದಲ ವರ್ಷ ನಾನೂ ಬೋಲ್ಟ್ ಎಲ್ಲಿದೆ ಎಂದು ಹುಡುಕಿದ್ದೇನೆ.

ಗಾಂಧಾರ
ವೀಣೆಯಲ್ಲಿ ಇದಕ್ಕೆ ಮೇರು ಎನ್ನುತ್ತಾರೆ. ಎಷ್ಟು ಗಂಭೀರವಾದ ಹೆಸರು! ಗಿಟಾರಿಗೂ ಅದನ್ನೇ ಬಳಸಬಾರದೇಕೆ?

ವ್ಯಾಮಿ_ವೀರ
‘ನನ್ನ ಮೇರು ಸವೆದಿದೆ’ ಎಂದು ರಿಪೇರಿಯವರ ಮುಂದೆ ಹೇಳಿ ನೋಡಿ, ವೈದ್ಯರ ವಿಳಾಸ ಕೊಟ್ಟು ಕಳುಹಿಸುತ್ತಾರೆ.

ಹಳೆಯ_ಗಿಟಾರಿಗ
ನಟ್ ಬದಲಾಯಿಸುವ ಮೊದಲು ಪೆನ್ಸಿಲ್. ತಂತಿ ಸಡಿಲಿಸಿ, ಕಚ್ಚಿನಿಂದ ಮೇಲಕ್ಕೆತ್ತಿ, 2ಬಿ ಪೆನ್ಸಿಲಿನ ಮೊನೆಯನ್ನು ಕಚ್ಚಿನೊಳಗೆ ನಾಲ್ಕು ಸಲ ಆಡಿಸಿ ಮತ್ತೆ ತಂತಿ ಕೂರಿಸಿ. ಗ್ರಾಫೈಟ್ ಒಳ್ಳೆಯ ಜಾರುಪುಡಿ. ಎಚ್‌ಬಿ ಬೇಡ, ಅದರಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು. ಮೂವತ್ತು ವರ್ಷದಿಂದ ನನಗೆ ಇದೇ ಸಾಕಾಗಿದೆ.

ಅರ_ಮತ್ತು_ಉಳಿ
ಪೆನ್ಸಿಲ್ ತಪ್ಪಲ್ಲ. ಆದರೆ ಕಚ್ಚು ತಂತಿಗಿಂತ ಕಿರಿದಾಗಿದ್ದರೆ ಅದಕ್ಕೆ ಗ್ರಾಫೈಟ್ ಹಚ್ಚುವುದು ಬಿಗಿಯಾದ ಚಪ್ಪಲಿಗೆ ಎಣ್ಣೆ ಹಾಕಿದಂತೆ. ಕಾಲು ಒಳಗೆ ಹೋಗುತ್ತದೆ, ನೋವು ಹೋಗುವುದಿಲ್ಲ.

ಹಳೆಯ_ಗಿಟಾರಿಗ
ಮೂವತ್ತು ವರ್ಷ.

ಕಿವಿಗಡಚಿಕ್ಕು
ಪ್ಲಾಸ್ಟಿಕ್ ಕಿತ್ತೆಸೆದು ಮೂಳೆ ಹಾಕಿ. ಶ್ರುತಿ ಹಾಗಿರಲಿ, ನಾದವೇ ಬದಲಾಗುತ್ತದೆ. ನಾನು ಮೂಳೆ ಹಾಕಿಸಿದ ದಿನ ಗಿಟಾರಿನ ಮೇಲಿದ್ದ ಕಂಬಳಿ ತೆಗೆದಂತಾಯಿತು.

ಲೆಕ್ಕದ_ಮೇಷ್ಟ್ರು
ಯಾವುದಾದರೂ ಫ್ರೆಟ್ (ಫ್ರೆಟ್‌ಬೋರ್ಡ್ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದ ಮೇಲೆ ಕಂಪಿಸುವ ತಂತಿಯ ಒಂದು ತುದಿ ಫ್ರೆಟ್, ಇನ್ನೊಂದು ತುದಿ ಸೇತುವೆ. ನಟ್ ಆ ಲೆಕ್ಕದಲ್ಲೇ ಇಲ್ಲ. ನೀವು ಕೇಳಿದ ವ್ಯತ್ಯಾಸ ನಿಜವಾಗಿದ್ದರೂ ಅದು ತೆರೆದ ತಂತಿಗಳಿಗೆ ಮಾತ್ರ ಸಲ್ಲಬೇಕು. ಅಂದ ಹಾಗೆ, ಅದೇ ದಿನ ಹೊಸ ತಂತಿಗಳನ್ನೂ ಹಾಕಿಸಿದಿರಾ?

ಕಿವಿಗಡಚಿಕ್ಕು
ಹಾಕಿಸಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಲೆಕ್ಕದ_ಮೇಷ್ಟ್ರು
ಕಂಬಳಿ ತೆಗೆದದ್ದು ಯಾರು ಎಂದು ತಿಳಿಯಿತು.

ಕಿವಿಗಡಚಿಕ್ಕು
ಕಿವಿ ಇರುವವರಿಗೆ ಕೇಳಿಸುತ್ತದೆ. ಎಲ್ಲವನ್ನೂ ಸೂತ್ರದಲ್ಲಿ ಕೂರಿಸಲು ಆಗುವುದಿಲ್ಲ ಮೇಷ್ಟ್ರೇ.

ಬರೀ_ಓದುಗ
ಈ ಜಗಳ ಪ್ರತಿ ಚರ್ಚೆಯಲ್ಲೂ ಬರುತ್ತದೆ. ಪ್ರಶ್ನೆ ಇದ್ದದ್ದು ಶ್ರುತಿಯ ಬಗ್ಗೆ.

ಲೆಕ್ಕದ_ಮೇಷ್ಟ್ರು
ಸರಿ, ಶ್ರುತಿಗೇ ಬರೋಣ. ಎಲ್ಲರೂ ಜಿ ತಂತಿಯನ್ನೇ ಏಕೆ ಬೈಯುತ್ತಾರೆ ಎಂಬುದಕ್ಕೆ ಕಾರಣವಿದೆ. ಸಾಮಾನ್ಯ 10–46 ಸೆಟ್‌ನಲ್ಲಿ ಮೊದಲ ತಂತಿ ಇಂಚಿನ ಸಾವಿರದ 10 ಭಾಗ ದಪ್ಪ, ಅಂದರೆ 0.25 ಮಿಲಿಮೀಟರ್. ಜಿ ತಂತಿ ಸಾವಿರದ 17 ಭಾಗ, 0.43 ಮಿಲಿಮೀಟರ್. ಎರಡೂ ಸುತ್ತಿಲ್ಲದ ಬರೀ ಉಕ್ಕು. ಎರಡರ ಮೇಲಿನ ಬಿಗಿತವೂ ಹೆಚ್ಚುಕಡಿಮೆ ಒಂದೇ, ಏಳೂವರೆ ಕಿಲೋ ಆಸುಪಾಸು. ಆದರೆ ಜಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಮೂರು ಪಟ್ಟು. ಹಾಗಾಗಿ ಎರಡೂ ತಂತಿಗಳು ನಟ್‌ನಲ್ಲಿ ಕೂದಲೆಳೆಯಷ್ಟೇ ಜಾರಿದರೂ ಜಿಯ ಬಿಗಿತ ಮೊದಲ ತಂತಿಯ ಬಿಗಿತಕ್ಕಿಂತ ಮೂರು ಪಟ್ಟು ಬದಲಾಗುತ್ತದೆ. ಡಿ ತಂತಿ ಕಣ್ಣಿಗೆ ದಪ್ಪ ಕಂಡರೂ ಭಾರ ಎಳೆಯುವುದು ಅದರೊಳಗಿನ ತೆಳುವಾದ ಉಕ್ಕಿನ ಎಳೆ ಮಾತ್ರ. ಹೊರಗಿನ ಸುತ್ತು ತೂಕಕ್ಕಷ್ಟೇ.

ಅಂದರೆ ಜಿ ಹೆಚ್ಚು ಜಾರುತ್ತದೆ ಎಂದಲ್ಲ. ಎಲ್ಲ ತಂತಿಗಳೂ ಮಾಡುವ ತಪ್ಪನ್ನೇ ಅದೂ ಮಾಡುತ್ತದೆ, ಸಿಕ್ಕಿಬೀಳುವುದು ಅದೊಂದೇ.

ಅರ_ಮತ್ತು_ಉಳಿ
ಚೆನ್ನಾಗಿ ಹೇಳಿದಿರಿ. ಇದರ ಜೊತೆಗೆ ಹೆಡ್‌ಸ್ಟಾಕಿನ ಆಕಾರವನ್ನೂ ಸೇರಿಸಿ. ಸಾಂಪ್ರದಾಯಿಕ ಗಿಬ್ಸನ್ ಕಂಪನಿಯ ಮಾದರಿಯಲ್ಲಿ ಹೆಡ್‌ಸ್ಟಾಕ್ 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ, ಹಾಗಾಗಿ ತಂತಿ ನಟ್ ಮೇಲೆ ಬಲವಾಗಿ ಒತ್ತುತ್ತದೆ. ಮೇಲಾಗಿ ನಡುವಿನ ಎರಡು ತಂತಿಗಳು, ಡಿ ಮತ್ತು ಜಿ, ನಟ್ ದಾಟಿದ ಕೂಡಲೇ ಒಂದು ಎಡಕ್ಕೆ ಒಂದು ಬಲಕ್ಕೆ ತಿರುಗಿ ತಮ್ಮ ಪೆಗ್‌ಗೆ ಹೋಗುತ್ತವೆ. ಕೆಳಕ್ಕೂ ಬಾಗಬೇಕು, ಪಕ್ಕಕ್ಕೂ ಬಾಗಬೇಕು. ಕಚ್ಚಿನ ಗೋಡೆಗೆ ಒರಗಿಕೊಂಡ ತಂತಿ ಸುಲಭವಾಗಿ ಹೇಗೆ ಜಾರುತ್ತದೆ? ಮೂಲ ಪ್ರಶ್ನೆಯಲ್ಲಿ ಡಿ ಕೂಡ ಕೈಕೊಡುತ್ತದೆ ಎಂದದ್ದು ಇದಕ್ಕೇ.

ಫೆಂಡರ್ ಕಂಪನಿಯ ಮಾದರಿಯಲ್ಲಿ ಆರೂ ಪೆಗ್ ಒಂದೇ ಸಾಲಿನಲ್ಲಿವೆ, ತಂತಿಗಳು ನೇರವಾಗಿ ಹೋಗುತ್ತವೆ. ಅಲ್ಲಿ ಹೆಡ್‌ಸ್ಟಾಕ್ ಬಾಗಿಲ್ಲ, ಆದ್ದರಿಂದ ಸಣ್ಣ ತಂತಿಗಳನ್ನು ಕೆಳಗೆ ಹಿಡಿಯಲು ಸ್ಟ್ರಿಂಗ್ ಟ್ರೀ ಹಾಕಿರುತ್ತಾರೆ. ತಂತಿ ಸಿಕ್ಕಿಕೊಳ್ಳಲು ಅದೂ ಒಂದು ಜಾಗ.

ವ್ಯಾಮಿ_ವೀರ
ಇದಕ್ಕೆಲ್ಲ ಒಂದೇ ಮದ್ದು ಫ್ಲಾಯ್ಡ್ ರೋಸ್ ಹೆಸರಿನ ಟ್ರೆಮೊಲೊ. ಆಭರಣ ಮಾಡುತ್ತಿದ್ದ ಮನುಷ್ಯ ತನ್ನ ಗಿಟಾರ್ ಶ್ರುತಿ ಬಿಡುವುದನ್ನು ತಾಳಲಾರದೆ ತಂತಿಗಳನ್ನು ನಟ್‌ನಲ್ಲೇ ಬಿಗಿದು ಕಟ್ಟಿದ. 1979ರಲ್ಲಿ ಪೇಟೆಂಟ್ ಸಿಕ್ಕಿತು. ನಟ್‌ನಲ್ಲಿ ಜಾರುವುದೇ ಇಲ್ಲ ಎಂದ ಮೇಲೆ ಸಿಕ್ಕಿಕೊಳ್ಳುವುದೆಲ್ಲಿ?

ಬೇಸ್_ಬಾರಿಸುವವಳು
ಟ್ರೆಮೊಲೊ ಇಲ್ಲದ ಗಿಟಾರಿಗೆ ಫ್ಲಾಯ್ಡ್ ರೋಸ್? ಇಲಿ ಹಿಡಿಯಲು ಬೆಟ್ಟ ಅಗೆಯಲು ಹೊರಟಿದ್ದೀರಿ.

ಹಳೆಯ_ಗಿಟಾರಿಗ
ಕ್ವೀನ್ ತಂಡದ ಬ್ರಯಾನ್ ಮೇ ತನ್ನ ತಂದೆಯ ಜೊತೆ ಸೇರಿ 1963ರಲ್ಲಿ ಕಟ್ಟಲು ಶುರುಮಾಡಿದ ಗಿಟಾರನ್ನು ನೋಡಿ. ಹಳೆಯ ಬೆಂಕಿಗೂಡಿನ ಮರ. ಅದರಲ್ಲಿ ಜೀರೊ ಫ್ರೆಟ್ ಇದೆ, ಅಂದರೆ ನಟ್‌ನ ಮುಂದೆ ಇನ್ನೊಂದು ಫ್ರೆಟ್. ತಂತಿಯ ಎತ್ತರವನ್ನು ನಿರ್ಧರಿಸುವುದು ಆ ಫ್ರೆಟ್. ನಟ್ ತಂತಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳುತ್ತದೆ, ಅಷ್ಟೇ. ತಂತಿಗಳೂ ಬಹುತೇಕ ನೇರವಾಗಿ ಪೆಗ್‌ಗೆ ಹೋಗುತ್ತವೆ. ಮನೆಯಲ್ಲಿ ಮಾಡಿದ ಗಿಟಾರ್, ಹುಡುಗನ ವಯಸ್ಸು ಹದಿನಾರು!

ಗಾಂಧಾರ
ಒಂದು ಸಂದೇಹ. ಶ್ರುತಿ ‘ಬಿಡುವುದು’ ಬೇರೆ, ಮೊದಲಿನಿಂದಲೇ ತಪ್ಪಾಗಿ ‘ಕೇಳುವುದು’ ಬೇರೆ. ಮೂರನೇ ತಂತಿಯವರೇ, ತೆರೆದ ಇ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದಾಗ ಜಿ ತಂತಿ ಏರಿದಂತೆ ಕೇಳುತ್ತದೆಯೇ? ಅಲ್ಲಿ ಜಿ ತಂತಿಯ ಮೊದಲ ಫ್ರೆಟ್‌ನಲ್ಲಿ ಬರುವುದು ಆ ಕಾರ್ಡಿನ ಗಾಂಧಾರ. ಫ್ರೆಟ್‌ಗಳ ಸಮಪಾಲು ಪದ್ಧತಿಯಲ್ಲಿ ಆ ಸ್ವರ ಸಹಜವಾದ ಅಂತರ ಗಾಂಧಾರಕ್ಕಿಂತ 14 ಸೆಂಟ್ (ಒಂದು ಫ್ರೆಟ್‌ನ ಸ್ವರಾಂತರದ ನೂರನೆಯ ಒಂದು ಪಾಲು ಒಂದು ಸೆಂಟ್) ಮೇಲಿರುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದು ಚುಚ್ಚುತ್ತದೆ. ಅದನ್ನು ಸರಿಪಡಿಸಲು ಜಿಯನ್ನು ಇಳಿಸಿದರೆ ಮುಂದಿನ ಕಾರ್ಡಿನಲ್ಲಿ ಅದೇ ತಂತಿ ಕುಸಿದಂತೆ ಕೇಳುತ್ತದೆ. ಗಿಟಾರಿನದ್ದೇನೂ ತಪ್ಪಿಲ್ಲದೆ ದಿನವಿಡೀ ಪೆಗ್ ತಿರುಗಿಸುತ್ತಿರುವವರನ್ನು ನಾನು ನೋಡಿದ್ದೇನೆ. ಕನ್ನಡಿಯಲ್ಲಿಯೂ ನೋಡಿದ್ದೇನೆ.

ಅರ_ಮತ್ತು_ಉಳಿ
ಇದು ಮುಖ್ಯವಾದ ಮಾತು. ನಟ್ ಎತ್ತರವಾಗಿದ್ದರೆ ಈ ತೊಂದರೆ ಇನ್ನಷ್ಟು. ಮೊದಲ ಫ್ರೆಟ್ ಮುಟ್ಟಲು ತಂತಿಯನ್ನು ಹೆಚ್ಚು ಕೆಳಕ್ಕೆ ಒತ್ತಬೇಕು, ಒತ್ತಿದಷ್ಟೂ ಅದು ಬಿಗಿಯಾಗಿ ಸ್ವರ ಏರುತ್ತದೆ. ಎತ್ತರ ನೋಡುವುದು ಸುಲಭ: ತಂತಿಯನ್ನು ಎರಡು ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲೆ ಬೆಳಕಿಗೆ ಹಿಡಿದು ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ಕಾಗದ ತೂರುವುದೂ ಕಷ್ಟ ಎನ್ನುವಷ್ಟು ಸಂದು ಇರಬೇಕು. ಬೆರಳಿನಿಂದ ತಟ್ಟಿದರೆ ಸಣ್ಣಗೆ ‘ಟಕ್’ ಎನ್ನಬೇಕು. ಏನೂ ಸದ್ದಿಲ್ಲದಿದ್ದರೆ ಕಚ್ಚು ಆಗಲೇ ತೀರ ಆಳವಾಗಿದೆ.

ಮೂರನೇ_ತಂತಿ
ಇಷ್ಟೊಂದು ಉತ್ತರ! ಧನ್ಯವಾದ. ಪರೀಕ್ಷೆ ಮಾಡಿದೆ. ಬೆಂಡ್ ಮಾಡಿದ ಮೇಲೆ ಜಿ 12 ಸೆಂಟ್ ಇಳಿಯಿತು. ನಟ್ ಹಿಂದೆ ಒತ್ತಿದಾಗ ಎರಡು ಸೆಂಟ್ ಬಿಟ್ಟು ಪೂರ್ತಿ ವಾಪಸ್ ಬಂತು. ಡಿ ತಂತಿಯೂ ಹಾಗೆಯೇ. ಇ ಮೇಜರ್ ಕೂಡ ಚುಚ್ಚುತ್ತದೆ, ಆದರೆ ಗಾಂಧಾರ ಅವರು ಹೇಳುವವರೆಗೂ ನನಗೆ ಅದು ಗೊತ್ತಿರಲಿಲ್ಲ. ಈಗ ಅದೊಂದೇ ಕೇಳಿಸುತ್ತಿದೆ, ನಿಮಗೆ ಪುಣ್ಯ ಬರಲಿ.

ಇನ್ನೊಂದು ವಿಷಯ, ಇದರಿಂದ ವ್ಯತ್ಯಾಸವಾಗುತ್ತದೋ ಇಲ್ಲವೋ ತಿಳಿಯದು. ಆರು ತಿಂಗಳ ಹಿಂದೆ 9–42 ಸೆಟ್ ಬಿಟ್ಟು 11–49 ಹಾಕಿದ್ದೇನೆ.

ಬೇಸ್_ಬಾರಿಸುವವಳು
ರಾಮಾಯಣವೆಲ್ಲ ಕೇಳಿ ರಾಮನಿಗೂ ಸೀತೆಗೂ ಏನು ಸಂಬಂಧ ಎಂದರಂತೆ.

ಅರ_ಮತ್ತು_ಉಳಿ
ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ನಾವೆಲ್ಲ ಬೇಗ ಮಲಗಬಹುದಿತ್ತು. 9ರ ಸೆಟ್‌ನಲ್ಲಿ ಜಿ ಸಾವಿರದ 16 ಭಾಗ, ಡಿ 24, ದಪ್ಪ ಇ 42. ಈಗ ಕ್ರಮವಾಗಿ 18, 28, 49. ನಿಮ್ಮ ಕಚ್ಚುಗಳು ತೆಳು ತಂತಿಗೆಂದು ಕೊರೆದವು. ಸುತ್ತಿರುವ ಡಿ ತಂತಿ ಬೇರೆ ಆರು ತಿಂಗಳಿಂದ ತಾನೇ ಅರದಂತೆ ಪ್ಲಾಸ್ಟಿಕ್ಕನ್ನು ಉಜ್ಜಿ ಹಲ್ಲು ಹಲ್ಲಾಗಿ ಮಾಡಿರುತ್ತದೆ. ಕಚ್ಚು ತಂತಿಗಿಂತ ಸಾವಿರದ ಎರಡು ಮೂರು ಭಾಗ ಅಗಲವಾಗಿರಬೇಕು. ಅದಕ್ಕಿಂತ ಕಿರಿದಾದರೆ ಹಿಡಿಯುತ್ತದೆ, ಬಹಳ ಅಗಲವಾದರೆ ತಂತಿ ಒಳಗೆ ಓಲಾಡುತ್ತದೆ.

ನನ್ನ ಸಲಹೆ: ನಟ್ ಕೀಳಬೇಡಿ. ಇರುವ ಕಚ್ಚುಗಳನ್ನೇ ಅಗಲ ಮಾಡಿ. ಅಳತೆಯ ನಟ್ ಅರಗಳು ಸಿಕ್ಕಿದರೆ ಉತ್ತಮ. ಅರದ ತುದಿಯನ್ನು ಹೆಡ್‌ಸ್ಟಾಕಿನ ಇಳಿಜಾರಿನ ಕಡೆ ಬಾಗಿಸಿ, ಡಿ ಮತ್ತು ಜಿಯಲ್ಲಿ ಪೆಗ್ ಇರುವ ಕಡೆಗೂ ಸ್ವಲ್ಪ ತಿರುಗಿಸಿ ಉಜ್ಜಬೇಕು. ಕಚ್ಚಿನ ಹಿಂಭಾಗ ಇಳಿಯುತ್ತಾ ಹೋಗಬೇಕು, ಫ್ರೆಟ್‌ಬೋರ್ಡ್ ಕಡೆಯ ಅಂಚೇ ಎತ್ತರದ ಜಾಗವಾಗಿ ಉಳಿಯಬೇಕು. ಹಿಂಭಾಗ ಎತ್ತರವಾದರೆ, ಅಥವಾ ತಳ ಮಟ್ಟಸವಾದರೆ, ತೆರೆದ ತಂತಿ ಜುಂಯ್ ಎನ್ನುತ್ತದೆ. ತಂಬೂರಿಯ ಕುದುರೆಯ ಮೇಲೆ ದಾರ ಇಟ್ಟು ಬೇಕೆಂದೇ ಹೊರಡಿಸುವ ನಾದ ಗಿಟಾರಿನಲ್ಲಿ ಬೇಡದೆ ಬಂದಂತೆ. ಎರಡು ಸಲ ಉಜ್ಜಿ, ತಂತಿ ಹಾಕಿ, ನೋಡಿ. ಮತ್ತೆ ಎರಡು ಸಲ. ಈ ಕೆಲಸದಲ್ಲಿ ತಾಳ್ಮೆಗಿಂತ ದೊಡ್ಡ ಉಪಕರಣವಿಲ್ಲ.

ಹೊಸಬ_ನಾನು
ಅರ ಇಲ್ಲದಿದ್ದರೆ?

ಹಳೆಯ_ಗಿಟಾರಿಗ
ಹಳೆಯ, ಸ್ವಲ್ಪ ತೆಳುವಾದ ತಂತಿಯ ತುಂಡಿಗೆ ನಯವಾದ ಸ್ಯಾಂಡ್‌ಪೇಪರ್ ಸುತ್ತಿ ಕಚ್ಚಿನಲ್ಲಿ ಹಿಂದೆ ಮುಂದೆ ಎಳೆಯುತ್ತಾರೆ. ಅಂಚುಗಳು ದುಂಡಾಗದಂತೆ ನೋಡಿಕೊಳ್ಳಬೇಕು. ಆಮೇಲೆ ಪೆನ್ಸಿಲ್ ಮರೆಯಬೇಡಿ.

ಲೆಕ್ಕದ_ಮೇಷ್ಟ್ರು
ನಿಮಗೆ ಪೆನ್ಸಿಲ್ ಕಂಪನಿಯಿಂದ ಏನಾದರೂ ಬರುತ್ತದೆಯೇ?

ಬರೀ_ಓದುಗ
ಒಂದು ಕೇಳಲೇ? ಟ್ರೆಮೊಲೊ ಇರುವ ನನ್ನ ಗಿಟಾರಿನಲ್ಲಿ ಬಾರ್ ಒತ್ತಿ ಬಿಟ್ಟರೆ ಶ್ರುತಿ ಇಳಿಯುವ ಬದಲು ಏರುತ್ತದೆ. ಇಲ್ಲಿ ಎಲ್ಲರೂ ಇಳಿಯುತ್ತದೆ ಎನ್ನುತ್ತಿದ್ದೀರಿ.

ಅರ_ಮತ್ತು_ಉಳಿ
ಎರಡೂ ಒಂದೇ ಕಾಯಿಲೆ. ಬೆಂಡ್ ಮಾಡುವಾಗ ತಂತಿ ಪೆಗ್ ಕಡೆಯಿಂದ ಫ್ರೆಟ್‌ಬೋರ್ಡ್ ಕಡೆಗೆ ಎಳೆಯಲ್ಪಟ್ಟು, ಹಿಂದೆ ಹೋಗಲಾರದೆ ಅಲ್ಲೇ ನಿಂತರೆ ಶ್ರುತಿ ಇಳಿಯುತ್ತದೆ. ಬಾರ್ ಒತ್ತಿದಾಗ ಮುಂದಿನ ಭಾಗ ಸಡಿಲವಾಗಿ ತಂತಿ ಪೆಗ್ ಕಡೆಗೆ ಸರಿಯುತ್ತದೆ. ಬಾರ್ ಬಿಟ್ಟಾಗ ಅಲ್ಲಿಂದ ಪೂರ್ತಿ ವಾಪಸ್ ಬಾರದಿದ್ದರೆ ಶ್ರುತಿ ಏರಿರುತ್ತದೆ. ಯಾವ ಕಡೆ ತಪ್ಪುತ್ತಿದೆ ಎಂಬುದನ್ನು ಗಮನಿಸಿದರೆ ತಂತಿ ಎಲ್ಲಿ ನಿಂತಿದೆ ಎಂದು ಹೇಳಬಹುದು. ಗಿಟಾರ್ ವಾದಕ ಜೆಫ್ ಬೆಕ್ ಹೆಸರಿನ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಕಚ್ಚಿನ ಬದಲು ರೋಲರ್ ನಟ್ ಇರುವುದು ಇದಕ್ಕಾಗಿಯೇ.

ಮೂರನೇ_ತಂತಿ
ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಸುದ್ದಿ ಎರಡು, ಒಂದು ಒಳ್ಳೆಯದು.

ಸ್ಯಾಂಡ್‌ಪೇಪರ್ ಸುತ್ತಿ ಡಿ ಕಚ್ಚನ್ನು ಅಗಲ ಮಾಡಿದೆ. ಅದ್ಭುತ. ‘ಟಿಣ್’ ಹೋಯಿತು, ಬೆಂಡ್ ಮಾಡಿದರೂ ಕದಲುತ್ತಿಲ್ಲ. ಗೆದ್ದ ಉತ್ಸಾಹದಲ್ಲಿ ಜಿಗೆ ಕೈ ಹಾಕಿದೆ. ಎರಡು ಸಲ ಉಜ್ಜಿ ನೋಡಿ ಎಂದು ಬರೆದಿದ್ದಿರಿ. ನಾನು ಸುಮಾರು ನಲವತ್ತು ಸಲ ಉಜ್ಜಿದೆ. ಈಗ ತೆರೆದ ಜಿ ತಂತಿ ಮೊದಲ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತಿದೆ.

ಬೇಸ್_ಬಾರಿಸುವವಳು
ಶ್ರುತಿ ಮಾತ್ರ ನಿಂತಿದೆಯಲ್ಲ?

ಮೂರನೇ_ತಂತಿ
ಬಂಡೆಯಂತೆ. ಕೇಳಲು ಆಗುವುದಿಲ್ಲ, ಅಷ್ಟೇ.

ಹಳೆಯ_ಗಿಟಾರಿಗ
ಅಡುಗೆ ಸೋಡಾ ಮತ್ತು ಸೂಪರ್‌ಗ್ಲೂ. ಕಚ್ಚಿಗೆ ಸೋಡಾ ಪುಡಿ ತುಂಬಿ, ಒಂದೇ ಒಂದು ತೊಟ್ಟು ತೆಳು ಅಂಟು ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ. ಮತ್ತೆ ಕಚ್ಚು ಬಿಡಿಸಿ. ಸುತ್ತಲಿನ ಮರಕ್ಕೆ ಟೇಪ್ ಅಂಟಿಸುವುದನ್ನು ಮರೆಯಬೇಡಿ. ಆವಿ ಕಣ್ಣಿಗೆ ಉರಿ, ಕಿಟಕಿ ತೆರೆದಿಡಿ.

ಅರ_ಮತ್ತು_ಉಳಿ
ತಾತ್ಕಾಲಿಕವಾಗಿ ನಡೆಯುತ್ತದೆ. ಆದರೆ ಜಿ ತಂತಿಯ ಒತ್ತಡವೆಲ್ಲ ಆ ತೇಪೆಯ ಮೇಲೆ ಬೀಳುತ್ತದೆ, ಬೇಗ ಸವೆಯುತ್ತದೆ. ಈಗ ನಿಜವಾಗಿಯೂ ನಟ್ ಬದಲಾಯಿಸುವ ಸಮಯ ಬಂದಿದೆ. ಬೇಡ ಎಂದವನೇ ಹೇಳುತ್ತಿದ್ದೇನೆ.

ಕೀಳುವುದರಲ್ಲೇ ಹೆಚ್ಚು ಗಿಟಾರ್‌ಗಳು ಗಾಯಗೊಳ್ಳುವುದು. ನಟ್‌ನ ಸುತ್ತ ಬಣ್ಣ, ಮೆರುಗೆಣ್ಣೆ ಒಂದೇ ಪದರವಾಗಿ ಅಂಟಿಕೊಂಡಿರುತ್ತದೆ. ಹರಿತವಾದ ಬ್ಲೇಡಿನಿಂದ ಎಲ್ಲ ಕಡೆ ಆ ಪದರವನ್ನು ಕೊಯ್ದುಕೊಳ್ಳಿ. ಇಲ್ಲದಿದ್ದರೆ ನಟ್ ಜೊತೆಗೆ ಬಣ್ಣವೂ ಚಕ್ಕೆ ಏಳುತ್ತದೆ. ನಿಮ್ಮ ಮಾದರಿಯಲ್ಲಿ ನಟ್ ಫ್ರೆಟ್‌ಬೋರ್ಡಿನ ಕೊನೆಗೆ ಒರಗಿ ಕುಳಿತಿರುತ್ತದೆ. ಫ್ರೆಟ್‌ಬೋರ್ಡ್ ಕಡೆಯಿಂದ ಮರದ ತುಂಡೊಂದನ್ನು ಆನಿಸಿ ಹೆಡ್‌ಸ್ಟಾಕ್ ಕಡೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಮೆಲ್ಲಗೆ ಎಂದರೆ ಬಾಗಿಲು ತಟ್ಟಿದಂತೆ, ಬಾಗಿಲು ಮುರಿದಂತೆ ಅಲ್ಲ. ಬರದಿದ್ದರೆ ಕೂದಲು ಒಣಗಿಸುವ ಯಂತ್ರದಿಂದ ಸ್ವಲ್ಪ ಬಿಸಿ ಕೊಡಿ. ಫೆಂಡರ್ ಮಾದರಿಯಲ್ಲಿ ನಟ್ ಮರದಲ್ಲಿ ಕೊರೆದ ತೋಡಿನೊಳಗೆ ಹೂತಿರುತ್ತದೆ, ಅಲ್ಲಿ ಹೀಗೆ ತಟ್ಟಿದರೆ ಮರವೇ ಸೀಳುತ್ತದೆ. ಪಕ್ಕಕ್ಕೆ ಸರಿಸಬೇಕು, ಇಲ್ಲವೇ ಉದ್ದಕ್ಕೆ ಗರಗಸ ಆಡಿಸಿ ಎರಡು ಹೋಳು ಮಾಡಿ ತೆಗೆಯಬೇಕು. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಬರೆದೆ.

ಮೂರನೇ_ತಂತಿ
ಯಾವ ವಸ್ತು ಕೊಳ್ಳಲಿ? ಮತ್ತೆ ಜಗಳ ಶುರುವಾಗುತ್ತದೆ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಕಿವಿಗಡಚಿಕ್ಕು
ಮೂಳೆ.

ವ್ಯಾಮಿ_ವೀರ
ಗ್ರಾಫ್ ಟೆಕ್ ಕಂಪನಿಯ ಟಸ್ಕ್ ಎಕ್ಸ್‌ಎಲ್. ವಸ್ತುವಿನೊಳಗೇ ಟೆಫ್ಲಾನ್ ಬೆರೆಸಿರುತ್ತಾರೆ, ಹಾಗಾಗಿ ಜಾರಲು ಬೇರೇನೂ ಹಚ್ಚಬೇಕಾಗಿಲ್ಲ. ಪ್ರಾಣಿಯ ಮೂಳೆ ಬೇಡ ಎನ್ನುವವರಿಗೂ ಸರಿ. ಕಚ್ಚು ಕೊರೆದೇ ಬರುತ್ತದೆ.

ಹಳೆಯ_ಗಿಟಾರಿಗ
1970ರ ದಶಕದಲ್ಲಿ ಹಿತ್ತಾಳೆಯ ಹುಚ್ಚು ಇತ್ತು. ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಎಲ್ಲರೂ ಹಾಕಿಸಿದರು, ಆಮೇಲೆ ಎಲ್ಲರೂ ತೆಗೆಸಿದರು. ಅದಕ್ಕೂ ಹಿಂದಿನ ಕೆಲವು ವಾದ್ಯಗಳಲ್ಲಿ ಆನೆದಂತ. ಅದರ ಅಂತಾರಾಷ್ಟ್ರೀಯ ವ್ಯಾಪಾರವನ್ನು 1989ರಲ್ಲಿ ನಿಷೇಧಿಸಿದರು, ಒಳ್ಳೆಯದೇ ಆಯಿತು.

ಅರ_ಮತ್ತು_ಉಳಿ
ಚೆನ್ನಾಗಿ ಕೊರೆದ ಪ್ಲಾಸ್ಟಿಕ್ ನಟ್ ಕೆಟ್ಟದಾಗಿ ಕೊರೆದ ಮೂಳೆಯ ನಟ್‌ಗಿಂತ ಮೇಲು. ವಸ್ತುವಿನ ಜಗಳ ಆಮೇಲೆ. ಟೊಳ್ಳು ಪ್ಲಾಸ್ಟಿಕ್ ಬೇಗ ಸವೆಯುತ್ತದೆ ಎಂಬುದು ನಿಜ, ಅದನ್ನು ಬಿಟ್ಟರೆ ಮೂಳೆಯೋ ಟಸ್ಕೋ ಎಂಬುದು ನಿಮ್ಮಿಷ್ಟ. ಕೊರೆದೇ ಬರುವ ನಟ್ ಕೂಡ ನಿಮ್ಮ ತಂತಿಯ ದಪ್ಪಕ್ಕೆ ಸರಿಯಾಗಿರುತ್ತದೆ ಎಂಬ ಭರವಸೆಯಿಲ್ಲ, 11ರ ಸೆಟ್‌ಗೆ ಮತ್ತೆ ಅರ ಹಿಡಿಯಲೇಬೇಕಾಗಬಹುದು. ಕೊಳ್ಳುವ ಮೊದಲು ಹಳೆಯದರ ಉದ್ದ, ದಪ್ಪ, ಎತ್ತರ, ಮೊದಲ ತಂತಿಯಿಂದ ಆರನೆಯದರವರೆಗಿನ ದೂರ, ಇಷ್ಟನ್ನೂ ಕ್ಯಾಲಿಪರ್‌ನಿಂದ ಅಳೆಯಿರಿ. ಗಿಬ್ಸನ್ ಮಾದರಿಯ ನಟ್ ಸುಮಾರು 43 ಮಿಲಿಮೀಟರ್ ಉದ್ದ, ಫೆಂಡರ್‌ನದು 42. ನೋಡಲು ಒಂದೇ, ಕೂರುವುದಿಲ್ಲ.

ಎತ್ತರ ಇಳಿಸುವುದಾದರೆ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ನಟ್‌ನ ತಳವನ್ನು ಉಜ್ಜಿ. ಮೂಳೆಯಾದರೆ ಮೂಗಿಗೆ ಮಾಸ್ಕ್ ಕಡ್ಡಾಯ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ವಾಸನೆಯಂತೂ ಯಾರಿಗೂ ಒಳ್ಳೆಯದಲ್ಲ. ಕೊನೆಯಲ್ಲಿ ಒಂದೆರಡು ತೊಟ್ಟು ಅಂಟು ಸಾಕು. ನಟ್ಟನ್ನು ಜಾಗದಲ್ಲಿ ಹಿಡಿದಿಡುವುದು ತಂತಿಗಳ ಒತ್ತಡ. ಅಂಟು ಅದು ಪಕ್ಕಕ್ಕೆ ಸರಿಯದಿರಲಿ ಎಂದು ಅಷ್ಟೇ. ಮುಂದೆ ಇದನ್ನು ಕೀಳುವವನ ಮೇಲೆ ದಯೆ ಇರಲಿ.

ಲೆಕ್ಕದ_ಮೇಷ್ಟ್ರು
ಒಂದು ಸೇರಿಸುತ್ತೇನೆ. ಖಾಲಿ ನಟ್ ತಂದು ನೀವೇ ಗುರುತು ಹಾಕುವುದಾದರೆ ತಂತಿಗಳ ಮಧ್ಯರೇಖೆಗಳನ್ನು ಸಮ ದೂರದಲ್ಲಿ ಇಡಬೇಡಿ, ತಂತಿಗಳ ನಡುವಿನ ಖಾಲಿ ಜಾಗಗಳನ್ನು ಸಮ ಮಾಡಿ. ದಪ್ಪ ತಂತಿಗಳು ಹೆಚ್ಚು ಜಾಗ ತಿನ್ನುತ್ತವೆ. ಮಧ್ಯರೇಖೆ ಹಿಡಿದು ಅಳೆದರೆ ಆ ಕಡೆ ಬೆರಳಿಗೆ ಇಕ್ಕಟ್ಟು.

ಕಿವಿಗಡಚಿಕ್ಕು
ಮೇಷ್ಟ್ರು ಒಂದು ಉಪಯೋಗದ ಮಾತು ಹೇಳಿದ್ದಾರೆ, ದಿನಾಂಕ ಬರೆದಿಟ್ಟುಕೊಳ್ಳಿ.

ಮೂರನೇ_ತಂತಿ
ಮೂರು ವಾರ ಕಳೆಯಿತು. ಮೂಳೆಯದನ್ನೇ ತಂದೆ, ಕಚ್ಚು ಇಲ್ಲದ ಖಾಲಿ ತುಂಡು. ಬ್ಲೇಡಿನಿಂದ ಮೂರು ಕಡೆ ಕೊಯ್ದು ನಾಲ್ಕನೆಯ ಕಡೆ ಮರೆತೆ. ಉಗುರಿನಷ್ಟು ಕಪ್ಪು ಬಣ್ಣ ಎದ್ದು ಬಂತು. ಅದೇ ಚಕ್ಕೆಯನ್ನು ಅಂಟಿಸಿದ್ದೇನೆ, ದೂರದಿಂದ ಕಾಣುವುದಿಲ್ಲ, ಹತ್ತಿರ ಯಾರನ್ನೂ ಬಿಡುವುದಿಲ್ಲ.

ಆರು ಕಚ್ಚು ಬಿಡಿಸಲು ಎರಡು ಭಾನುವಾರ ಹಿಡಿಯಿತು. ಈ ಸಲ ಅರವನ್ನು ಸಾಲ ತಂದೆ. ನಿಜಕ್ಕೂ ಎರಡೆರಡು ಸಲ ಉಜ್ಜಿದೆ. ಬಿ ತಂತಿಯ ಕಚ್ಚಿಗೆ ಬರುವಷ್ಟರಲ್ಲಿ ಕೈಗೆ ಅಂದಾಜು ಸಿಕ್ಕಿತು. ಸುತ್ತಿದ ತಂತಿಗಳು ಅರ್ಧ ಮಾತ್ರ ಕಚ್ಚಿನೊಳಗೆ ಇಳಿದಿವೆ, ಉಳಿದರ್ಧ ಮೇಲೆ ಕಾಣುತ್ತವೆ. ಪೆಗ್‌ನಲ್ಲಿ ಏಳೆಂಟು ಸುತ್ತು ಹಾಕುವ ಅಭ್ಯಾಸವಿತ್ತು, ಅದನ್ನೂ ಮೂರಕ್ಕೆ ಇಳಿಸಿದೆ.

ಫಲಿತಾಂಶ: ಜಿ ತಂತಿ ಜೋರು ಬೆಂಡ್ ನಂತರ ಎರಡು ಸೆಂಟ್ ಇಳಿಯುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಮೊದಲ ಫ್ರೆಟ್ ಕಡಿಮೆ ಒತ್ತಿದರೆ ಸಾಕಾಗುತ್ತದೆ, ಇ ಮೇಜರ್ ಚುಚ್ಚುವುದೂ ಕಡಿಮೆಯಾಗಿದೆ. ನಾದ ಬದಲಾಯಿತೇ ಎಂದು ಕೇಳಬೇಡಿ. ಹೊಸ ತಂತಿಯನ್ನೂ ಹಾಕಿದ್ದೇನೆ.

ಲೆಕ್ಕದ_ಮೇಷ್ಟ್ರು
ಕೊನೆಯ ಎರಡು ವಾಕ್ಯಗಳಿಗೆ ನನ್ನ ನಮಸ್ಕಾರ.

ಅರ_ಮತ್ತು_ಉಳಿ
ಸುತ್ತು ಕಡಿಮೆ ಮಾಡಿದ್ದು ಒಳ್ಳೆಯದು. ಸುತ್ತು ಹೆಚ್ಚಿದಷ್ಟೂ ತಂತಿ ಕಂಬದ ಬುಡದಿಂದ ಹೊರಡುತ್ತದೆ, ನಟ್ ಮೇಲಿನ ಒತ್ತಡವೂ ಹೆಚ್ಚುತ್ತದೆ. ಉಳಿದ ಎರಡು ಸೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಏರಿದ್ದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ. ಗೇರ್‌ಗಳ ಸಡಿಲ ಆಗ ನಿಮ್ಮ ಕಡೆಗಿರುತ್ತದೆ.

ಹಳೆಯ_ಗಿಟಾರಿಗ
ಕಚ್ಚುಗಳಿಗೆ ಪೆನ್ಸಿಲ್ ಹಚ್ಚಿದಿರಾ?

ಮೂರನೇ_ತಂತಿ
ಹಚ್ಚಿದೆ ಗುರುಗಳೇ. 2ಬಿ.

ಹೊಸಬ_ನಾನು
ನನ್ನ ಗಿಟಾರಿನ ಬಿ ತಂತಿ ‘ಟಿಣ್’ ಎನ್ನುತ್ತಿದೆ. ಲಾಕಿಂಗ್ ಟ್ಯೂನರ್ ಹಾಕಿಸಲೇ?

ಬೇಸ್_ಬಾರಿಸುವವಳು
ದಯವಿಟ್ಟು ಮೇಲಿನಿಂದ ಓದಿ. ಅದಕ್ಕೂ ಮೊದಲು ಒಂದು ಹೇಳಿ: ಇತ್ತೀಚೆಗೆ ದಪ್ಪ ತಂತಿ ಹಾಕಿದ್ದೀರಾ?

ಹೊಸಬ_ನಾನು
ನಿಮಗೆ ಹೇಗೆ ಗೊತ್ತಾಯಿತು?